ಜೋಕೇ ಇಲ್ಲದ ನಗು: ಕೆಲಸದ ಜಾಗದಲ್ಲಿ ನಗೆಯೋಗ ಎಷ್ಟು ಉಪಯೋಗ?

ನಗೆಯೋಗದಲ್ಲಿ ಯಾರೂ ಜೋಕ್ ಹೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ‘ನಾಳೆ ಲಾಫ್ಟರ್ ಯೋಗ ಸೆಷನ್ ಇದೆ’ ಅಂತ ಆಫೀಸಿನಲ್ಲಿ ಮೇಲ್ ಬಂದ ಕೂಡಲೇ ಅರ್ಧ ಜನ ಯಾರೋ ಬಂದು ನಗಿಸುತ್ತಾರೆ ಅಂದುಕೊಳ್ಳುತ್ತಾರೆ. ಉಳಿದ ಅರ್ಧ ಜನ ಸರಿಯಾಗಿ ಆ ಹೊತ್ತಿಗೇ ಒಂದು ಕ್ಲೈಂಟ್ ಕಾಲ್ ಹುಡುಕಿಕೊಳ್ಳುತ್ತಾರೆ. ಅಲ್ಲಿ ನಡೆಯುವುದೇ ಬೇರೆ. ಬೇಕೆಂದೇ ನಗುವುದು, ಆಳವಾಗಿ ಉಸಿರಾಡುವುದು, ಮತ್ತೆ ನಗುವುದು. ಕಾರಣ ಬೇಡ, ತಮಾಷೆ ಬೇಡ, ಹಾಸ್ಯಪ್ರಜ್ಞೆಯೂ ಬೇಡ.

ಕೇಳಲು ಪೆದ್ದುಪೆದ್ದಾಗಿದೆ ಅಲ್ವಾ? ಮಾಡುವಾಗಲೂ ಮೊದಲ ಎರಡು ನಿಮಿಷ ಹಾಗೇ ಇರುತ್ತದೆ. ಆದರೂ ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಬೇಕೆಂದು ನಕ್ಕ ನಗುವಿನಿಂದ ನಿಜವಾದ ಉಪಯೋಗ ಆಗುತ್ತದಾ ಅಂತ ಕೇಳಿದರೆ, ಆಗುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಬಹಳಷ್ಟು ಕಂಪನಿಗಳು ಎಡವುವುದು ಆ ಷರತ್ತಿನಲ್ಲೇ.

ಶುರುವಾದ ಕಥೆಯಲ್ಲೇ ಅರ್ಧ ಉತ್ತರ ಇದೆ. 1995ರ ಮಾರ್ಚ್ 13ರಂದು ಮುಂಬೈನ ಅಂಧೇರಿಯ ಪಾರ್ಕೊಂದರಲ್ಲಿ ಡಾ. ಮದನ್ ಕಟಾರಿಯಾ ಎಂಬ ವೈದ್ಯರು ಬೆಳಗಿನ ವಾಕಿಂಗ್‌ಗೆ ಬಂದವರನ್ನು ‘ಬನ್ನಿ, ನಗೋಣ’ ಅಂತ ಕರೆದರು. ಬಹಳ ಜನ ಇವರನ್ನೇ ನೋಡಿ ನಕ್ಕಿರಬೇಕು. ಕೊನೆಗೆ ಗುಂಪು ಅಂತ ಆದದ್ದು ಐದೇ ಜನರದ್ದು. ಮೊದಮೊದಲು ಒಬ್ಬೊಬ್ಬರೇ ನಡುವೆ ಬಂದು ಜೋಕ್ ಹೇಳುತ್ತಿದ್ದರು. ಎರಡು ವಾರ ಆಗುವಷ್ಟರಲ್ಲಿ ಒಳ್ಳೆಯ ಜೋಕುಗಳ ಸ್ಟಾಕ್ ಖಾಲಿ. ಉಳಿದದ್ದು ಪೋಲಿ ಜೋಕುಗಳು, ಯಾರನ್ನೋ ಹೀಯಾಳಿಸುವ ಜೋಕುಗಳು. ಕೆಲವರಿಗೆ ಬೇಜಾರಾಯಿತು, ನಿಲ್ಲಿಸಿಬಿಡೋಣ ಅಂದರು. ಆಗ ಕಟಾರಿಯಾ ಜೋಕನ್ನು ಬಿಟ್ಟು ನಗುವನ್ನಷ್ಟೇ ಇಟ್ಟುಕೊಂಡರು. ಅವರ ಪತ್ನಿ ಮಾಧುರಿ ಅವರಿಗೆ ಯೋಗ ಗೊತ್ತಿತ್ತು. ಪ್ರಾಣಾಯಾಮದ ಉಸಿರಾಟ ಹೀಗೆ ನಗುವಿನ ಜೊತೆ ಸೇರಿಕೊಂಡಿತು. ‘ಯೋಗ’ ಅನ್ನುವ ಮಾತು ಹೆಸರಿಗೆ ಬಂದದ್ದೂ ಇದೇ ಉಸಿರಾಟದಿಂದ. ಇವತ್ತು ಹತ್ತಾರು ದೇಶಗಳಲ್ಲಿ ಲಾಫಿಂಗ್ ಕ್ಲಬ್‌ಗಳಿವೆ, ಮೇ ತಿಂಗಳ ಮೊದಲ ಭಾನುವಾರ ವಿಶ್ವ ನಗೆ ದಿನ ಅಂತಲೂ ಇದೆ.

ಕೆಲಸದ ಜಾಗಕ್ಕೆ ಈ ಕಥೆ ಚೆನ್ನಾಗಿ ಒಪ್ಪುತ್ತದೆ. ಜೋಕಿಗೆ ಒಂದು ಗುರಿ ಬೇಕು. ಯಾರದೋ ಭಾಷೆ, ಮೈಕಟ್ಟು, ಊರು, ಲಿಂಗ, ಹೊಸಬರ ಅಮಾಯಕತನ. ಬೇರೆ ಬೇರೆ ಹಿನ್ನೆಲೆಯ ಇಪ್ಪತ್ತು ಜನ ಇರುವ ಟೀಮಿನಲ್ಲಿ ಒಬ್ಬರಿಗೂ ನೋವಾಗದ ಜೋಕ್ ಹುಡುಕುವುದು ಕಷ್ಟ. ಸಿಕ್ಕಿದರೂ ಅರ್ಧ ಜನಕ್ಕೆ ಅರ್ಥ ಆಗುವುದಿಲ್ಲ. ಜೋಕಿಲ್ಲದ ನಗುವಿಗೆ ಈ ತಲೆನೋವೇ ಇಲ್ಲ.

ಒಳಗೆ ಏನು ನಡೆಯುತ್ತದೆ

ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಎಲ್ಲರೂ ಗುಂಡಗೆ ನಿಲ್ಲುತ್ತಾರೆ. ಮೊದಲು ಚಪ್ಪಾಳೆ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಪೂರ್ತಿ ತಾಗಬೇಕು. ತಾಳ ‘ಒಂದು-ಎರಡು, ಒಂದು-ಎರಡು-ಮೂರು’. ಅದೇ ತಾಳಕ್ಕೆ ಬಾಯಲ್ಲಿ ‘ಹೊ ಹೊ, ಹ ಹ ಹ’. ಪ್ರತಿ ‘ಹೊ’ಗೂ ಹೊಟ್ಟೆ ಒಳಗೆ ಹೋಗಬೇಕು. ಹೊಕ್ಕುಳ ಮೇಲೆ ಕೈ ಇಟ್ಟುಕೊಂಡರೆ ಹೋಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬರೀ ಗಂಟಲಲ್ಲಿ ಕೂಗಿದರೆ ಐದು ನಿಮಿಷಕ್ಕೇ ಗಂಟಲು ಕೆರೆಯಲು ಶುರುವಾಗುತ್ತದೆ. ಹೊಸಬರು ಮಾಡುವ ತಪ್ಪು ಇದೇ.

ಆಮೇಲೆ ಉಸಿರು. ಕೈ ಮೇಲೆತ್ತುತ್ತಾ ಮೂಗಿನಿಂದ ಉಸಿರೆಳೆದು, ಒಂದು ಕ್ಷಣ ಹಿಡಿದು, ಕೈ ಇಳಿಸುತ್ತಾ ಬಿಡುವುದು. ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಆಮೇಲೆ ಒಂದೊಂದೇ ನಗೆಯ ಆಟ. ಕೈ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು, ಮಾತಾಡದೆ ಬರೀ ನಗುವುದು ಒಂದು. ಕಿವಿಗೆ ಫೋನ್ ಹಿಡಿದವರ ಹಾಗೆ ನಟಿಸುತ್ತಾ, ಆ ಕಡೆಯವರು ಏನೋ ಹೇಳಿದರು ಅನ್ನುವಂತೆ ಬಿದ್ದು ಬಿದ್ದು ನಗುವುದು ಇನ್ನೊಂದು. ಬೆರಳು ತೋರಿಸಿ ಜಗಳ ಆಡುವವರಂತೆ, ಆದರೆ ಬೈಗುಳದ ಬದಲು ನಗುವನ್ನೇ ಎಸೆಯುವುದು ಮತ್ತೊಂದು. ಸಿಂಹಾಸನ ಅನ್ನುವ ಯೋಗಾಸನದಿಂದ ಬಂದ ಸಿಂಹದ ನಗು ಇದೆಯಲ್ಲ, ಅದರಲ್ಲಿ ಕಣ್ಣು ಅಗಲಿಸಿ, ನಾಲಿಗೆ ಪೂರ್ತಿ ಹೊರಗೆ ಚಾಚಿ, ಕೈಯನ್ನು ಪಂಜದ ಹಾಗೆ ಮಾಡಿ ಹೊಟ್ಟೆಯಿಂದ ನಗಬೇಕು. ಮ್ಯಾನೇಜರ್ ಎದುರು ನಾಲಿಗೆ ಚಾಚುವ ಅವಕಾಶ ಇನ್ನೆಲ್ಲೂ ಸಿಗುವುದಿಲ್ಲ ಬಿಡಿ. ಒಂದೊಂದು ಆಟವೂ ಅರ್ಧ ನಿಮಿಷ, ಮುಕ್ಕಾಲು ನಿಮಿಷ ಅಷ್ಟೇ. ನಡುನಡುವೆ ‘ವೆರಿ ಗುಡ್, ವೆರಿ ಗುಡ್, ಯೇ!’ ಅಂತ ಚಪ್ಪಾಳೆ, ಮತ್ತೆ ಉಸಿರು. ಕೊನೆಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು. ಈ ಕೊನೆಯ ಭಾಗವನ್ನು ಸಮಯ ಇಲ್ಲ ಅಂತ ಕತ್ತರಿಸುವವರು ಜಾಸ್ತಿ. ಕತ್ತರಿಸಬಾರದು. ಏರಿದ ಎದೆಬಡಿತ ಇಳಿದು ಮೈ ಹಗುರಾಗುವುದೇ ಆಗ.

ಮೊದಲ ಎರಡು ನಿಮಿಷದ ಮುಜುಗರ ಎಲ್ಲರಿಗೂ ಇರುತ್ತದೆ. ಹಸಿ ಸೌದೆಗೆ ಬೆಂಕಿ ಹಚ್ಚಿದ ಹಾಗೆ ಬರೀ ಹೊಗೆ. ಒಬ್ಬರು ಸೀಲಿಂಗ್ ನೋಡುತ್ತಾರೆ, ಇನ್ನೊಬ್ಬರು ಬಾಗಿಲ ಗಾಜಿನಾಚೆ ಯಾರಾದರೂ ನೋಡುತ್ತಿದ್ದಾರಾ ಅಂತ ಕಣ್ಣು ಹಾಯಿಸುತ್ತಾರೆ. ಅಷ್ಟರಲ್ಲಿ ಯಾರದೋ ನಗು ನಡುವೆ ಮೂಗಿನಿಂದ ‘ಗೊರ್’ ಅಂದುಬಿಡುತ್ತದೆ. ಪಕ್ಕದವರಿಗೆ ತಡೆಯಲಾಗುವುದಿಲ್ಲ, ನಿಜಕ್ಕೂ ನಗುತ್ತಾರೆ. ಅಲ್ಲಿಂದ ಮುಂದೆ ಯಾವುದು ನಟನೆ, ಯಾವುದು ನಿಜ ಅಂತ ನಗುವವರಿಗೇ ಗೊತ್ತಾಗುವುದಿಲ್ಲ.

ಮೈಯಲ್ಲಿ ಆಗುವುದೇನು

ನಗು ಅಂದರೆ ಮುಖ್ಯವಾಗಿ ಉಸಿರು ಬಿಡುವುದು. ‘ಹ ಹ ಹ’ ಅನ್ನುವಾಗ ಉಸಿರನ್ನು ತುಂಡು ತುಂಡಾಗಿ ಹೊರಗೆ ತಳ್ಳುತ್ತೇವೆ. ಸೆಕೆಂಡಿಗೆ ಸುಮಾರು ಐದು ತುಂಡು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ, ಪಕ್ಕೆಲುಬಿನ ನಡುವಿನ ಸ್ನಾಯು, ಹೊಟ್ಟೆಯ ಸ್ನಾಯು ಎಲ್ಲ ಸೇರಿ ಈ ಕೆಲಸ ಮಾಡುತ್ತವೆ. ಚೆನ್ನಾಗಿ ನಕ್ಕರೆ, ಮಾಮೂಲಿ ಉಸಿರಾಟದಲ್ಲಿ ಶ್ವಾಸಕೋಶದೊಳಗೇ ಉಳಿದುಬಿಡುವ ಗಾಳಿಯೂ ಹೊರಗೆ ಬರುತ್ತದೆ. ಅದಕ್ಕೇ ನಕ್ಕು ಮುಗಿದ ಮೇಲೆ ತಾನಾಗಿಯೇ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತೇವೆ. ಬೆಳಿಗ್ಗೆಯಿಂದ ಬೆನ್ನು ಬಾಗಿಸಿ ಸ್ಕ್ರೀನ್ ನೋಡುತ್ತಾ, ಮೇಲೆ ಮೇಲೆ ಉಸಿರಾಡುತ್ತಿದ್ದವರಿಗೆ ಇದರಿಂದ ಹಾಯೆನಿಸುವುದು ಸಹಜ.

ನಗುವಾಗ ಎದೆಬಡಿತ ಏರುತ್ತದೆ, ನಿಂತ ಮೇಲೆ ಇಳಿಯುತ್ತದೆ, ಸ್ನಾಯುಗಳ ಬಿಗಿ ಸಡಿಲವಾಗುತ್ತದೆ. ‘ನಕ್ಕು ನಕ್ಕು ಕೈಕಾಲಲ್ಲಿ ಬಲವೇ ಇಲ್ಲ’ ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ. ನಗುವಾಗ ಕಾಲಿನ ಸ್ನಾಯುವಿನ ಪ್ರತಿವರ್ತನೆ ನಿಜಕ್ಕೂ ಕುಗ್ಗುತ್ತದೆ ಅಂತ 1999ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಳೆದು ತೋರಿಸಿದ್ದಾರೆ. ತೂಕ ಇಳಿಸಲು ಇದನ್ನು ನಂಬಬೇಡಿ. ದಿನಕ್ಕೆ 10–15 ನಿಮಿಷ ನಕ್ಕರೆ ಕರಗುವುದು 10ರಿಂದ 40 ಕ್ಯಾಲೊರಿ ಅಷ್ಟೇ.

ಇನ್ನು ಒತ್ತಡದ ಹಾರ್ಮೋನ್ ಕಾರ್ಟಿಸಾಲ್. 2023ರಲ್ಲಿ ಎಂಟು ಅಧ್ಯಯನಗಳನ್ನು, ಒಟ್ಟು 315 ಜನರ ಮಾಹಿತಿಯನ್ನು ಒಟ್ಟಿಗೆ ಲೆಕ್ಕ ಹಾಕಿ ನೋಡಿದಾಗ, ನಕ್ಕವರಲ್ಲಿ ಕಾರ್ಟಿಸಾಲ್ ಸುಮಾರು ಶೇ 32ರಷ್ಟು ಜಾಸ್ತಿ ಇಳಿದಿತ್ತು. ದೊಡ್ಡ ಸಂಖ್ಯೆಯೇ. ಆದರೆ ಜನ ಕಡಿಮೆ, ಮತ್ತೆ ಅಲ್ಲಿ ಕಾಮಿಡಿ ನೋಡಿ ನಕ್ಕವರೂ ಇದ್ದರು. ನಗೆಯೋಗದ ಜಾಹೀರಾತಿನಲ್ಲಿ ಈ ಅಂಕಿ ಕಂಡರೆ ಅದನ್ನು ನೆನಪಿಟ್ಟುಕೊಳ್ಳಿ.

‘ದೇಹಕ್ಕೆ ವ್ಯತ್ಯಾಸ ಗೊತ್ತಾಗಲ್ಲ’ ಅನ್ನುವ ಮಾತು

ನಗೆಯೋಗ ಹೇಳಿಕೊಡುವವರಿಂದ ಜಾಸ್ತಿ ಕೇಳಿಬರುವ ಮಾತು ಇದು: ನಿಜವಾದ ನಗು, ನಟನೆಯ ನಗು ಎರಡೂ ದೇಹಕ್ಕೆ ಒಂದೇ. ಇದರಲ್ಲಿ ಅರ್ಧ ಮಾತ್ರ ನಿಜ.

ಹೊಟ್ಟೆ, ಎದೆ, ಉಸಿರಿನ ಮಟ್ಟಿಗೆ ಬಹುಪಾಲು ಸರಿ. ಮಿದುಳಿನ ಮಟ್ಟಿಗೆ ಸರಿಯಲ್ಲ. ತಾನಾಗಿ ಉಕ್ಕುವ ನಗು ಬರುವ ದಾರಿ ಬೇರೆ, ಬೇಕೆಂದು ನಗುವ ನಗು ಬರುವ ದಾರಿ ಬೇರೆ. ಮುಖದಲ್ಲೂ ಗುರುತು ಸಿಗುತ್ತದೆ. ಮನಸಾರೆ ನಕ್ಕಾಗ ಬಾಯಿಯ ಜೊತೆ ಕಣ್ಣಿನ ಸುತ್ತಲ ಸ್ನಾಯುವೂ ಹಿಂಡುತ್ತದೆ ಅಂತ ಫ್ರಾನ್ಸ್‌ನ ನರವೈದ್ಯ ದುಶೆನ್ 1862ರಲ್ಲೇ ಬರೆದಿದ್ದ. ಕೇಳುವವರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸೋಫಿ ಸ್ಕಾಟ್ ಮತ್ತು ಅವರ ತಂಡದ ಪ್ರಯೋಗಗಳಲ್ಲಿ, ನಟನೆಯ ನಗು ಕೇಳಿದಾಗ ‘ಇವರು ಯಾಕೆ ಹೀಗೆ ನಗುತ್ತಿದ್ದಾರೆ’ ಅಂತ ಲೆಕ್ಕ ಹಾಕುವ ಮಿದುಳಿನ ಭಾಗ ಜಾಸ್ತಿ ಕೆಲಸ ಮಾಡಿತು.

ಹಾಗಾದರೆ ನಟಿಸಿ ನಕ್ಕರೆ ಮನಸ್ಸಿಗೆ ಏನೂ ಆಗುವುದಿಲ್ಲವಾ? ಆಗುತ್ತದೆ, ಸ್ವಲ್ಪ. ಈ ವಿಷಯದಲ್ಲಿ ವಿಜ್ಞಾನಿಗಳೇ ಸಾಕಷ್ಟು ಜಗಳ ಆಡಿದ್ದಾರೆ. ಹಲ್ಲಿನಲ್ಲಿ ಪೆನ್ ಕಚ್ಚಿ ಮುಖವನ್ನು ನಗುವಿನ ಆಕಾರಕ್ಕೆ ತಂದರೆ ಕಾರ್ಟೂನ್ ಜಾಸ್ತಿ ತಮಾಷೆಯಾಗಿ ಕಾಣುತ್ತದೆ ಅಂತ 1988ರ ಒಂದು ಪ್ರಯೋಗ ಹೇಳಿತ್ತು. 2016ರಲ್ಲಿ 17 ಲ್ಯಾಬ್‌ಗಳು ಅದನ್ನೇ ಮತ್ತೆ ಮಾಡಿ ನೋಡಿದವು, ಆ ಫಲಿತಾಂಶ ಬರಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲಿ ಬೇಕೆಂದೇ ನಗುಮುಖ ಮಾಡಿದವರಿಗೆ, ನಗುಮುಖ ನೋಡಿ ಅನುಕರಿಸಿದವರಿಗೆ ಖುಷಿ ಸ್ವಲ್ಪ ಏರಿದ್ದು ಕಂಡಿತು. ಪೆನ್ನಿನ ಉಪಾಯ ಮಾತ್ರ ಆಗಲೂ ಗಟ್ಟಿಯಾಗಿ ನಿಲ್ಲಲಿಲ್ಲ.

ನನ್ನ ಲೆಕ್ಕದಲ್ಲಿ ಮುಖಕ್ಕಿಂತ ಜೊತೆಗಿರುವ ಜನರೇ ಇಲ್ಲಿ ಮುಖ್ಯ. ಅಮೆರಿಕದ ರಾಬರ್ಟ್ ಪ್ರೊವೈನ್ ಮಾಲ್‌ಗಳಲ್ಲಿ, ಫುಟ್‌ಪಾತ್‌ಗಳಲ್ಲಿ ಜನ ಮಾತಾಡುವುದನ್ನು ಕದ್ದು ಕೇಳಿ 1,200 ನಗುಗಳನ್ನು ಬರೆದಿಟ್ಟುಕೊಂಡವರು. ಜೋಕಿನಂಥ ಮಾತಿಗೆ ಬಂದ ನಗು ಅದರಲ್ಲಿ ಐದನೇ ಒಂದು ಭಾಗವೂ ಇರಲಿಲ್ಲ. ಉಳಿದದ್ದೆಲ್ಲ ‘ಸರಿ, ಆಮೇಲೆ ಸಿಗೋಣ’ ಅನ್ನುವಂಥ ಸಾದಾ ಮಾತಿಗೆ. ಒಬ್ಬರೇ ಇರುವಾಗಿನದಕ್ಕಿಂತ ಬೇರೆಯವರ ಜೊತೆ ಇರುವಾಗ ನಗುವ ಸಾಧ್ಯತೆ 30 ಪಟ್ಟು ಜಾಸ್ತಿ ಅಂತಲೂ ಅವರು ಲೆಕ್ಕ ಕೊಟ್ಟಿದ್ದಾರೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ತಂಡದ ಪ್ರಯೋಗಗಳಲ್ಲಿ ಜೊತೆಯಾಗಿ ನಕ್ಕವರು ನೋವನ್ನು ಜಾಸ್ತಿ ಹೊತ್ತು ತಡೆದುಕೊಂಡರು. ಗೆಳೆಯರ ಜೊತೆ ನಕ್ಕ ಮೇಲೆ ಮಿದುಳಿನಲ್ಲಿ ಎಂಡಾರ್ಫಿನ್‌ನಂಥ ನೋವು ತಗ್ಗಿಸುವ ರಾಸಾಯನಿಕ ಬಿಡುಗಡೆಯಾಗುವುದನ್ನು ಫಿನ್‌ಲೆಂಡ್‌ನ ಸಂಶೋಧಕರು 2017ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ನಗೆಯೋಗದ ಗುಂಪು, ಕಣ್ಣಲ್ಲಿ ಕಣ್ಣಿಡುವ ನಿಯಮ, ಇವೆಲ್ಲ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ.

ಆಫೀಸಿನಲ್ಲೇ ಮಾಡಿ ನೋಡಿದ ಅಧ್ಯಯನವೂ ಇದೆ. 2007ರಲ್ಲಿ ಪ್ರಕಟವಾದದ್ದು. ಅಮೆರಿಕದ ಮಾನಸಿಕ ಆರೋಗ್ಯ ಕೇಂದ್ರವೊಂದರ 33 ಸಿಬ್ಬಂದಿ ಸತತ 15 ಕೆಲಸದ ದಿನ, ದಿನಕ್ಕೆ 15 ನಿಮಿಷ ಜೋಕಿಲ್ಲದೆ ನಕ್ಕರು. ಆಶಾವಾದ, ತನ್ನಿಂದ ಆಗುತ್ತದೆ ಅನ್ನುವ ನಂಬಿಕೆ, ಜೊತೆಯವರು ನಮ್ಮವರು ಅನ್ನುವ ಭಾವನೆ ಎಲ್ಲ ಏರಿದ್ದವು. ಮುಂದೆ ಮತ್ತೆ ಕೇಳಿದಾಗಲೂ ಉಳಿದಿದ್ದವು. ಚಿಕ್ಕ ಅಧ್ಯಯನ, ಹೇಗನ್ನಿಸಿತು ಅಂತ ಹೇಳಿದವರೂ ನಕ್ಕವರೇ. ನಗಿಸುವ ಚಿಕಿತ್ಸೆಗಳ ಬಗ್ಗೆ 86 ಅಧ್ಯಯನಗಳನ್ನು ಜೋಡಿಸಿ ನೋಡಿದ 2019ರ ಒಂದು ವಿಮರ್ಶೆಯಲ್ಲಿ ಖಿನ್ನತೆಯ ಮಟ್ಟಿಗೆ ಜೋಕಿನ ನಗುವಿಗಿಂತ ಬೇಕೆಂದು ನಗುವ ನಗುವೇ ಹೆಚ್ಚು ಕೆಲಸ ಮಾಡಿದಂತೆ ಕಂಡಿತು. ಆದರೆ ಆ ಅಧ್ಯಯನಗಳಲ್ಲಿ ಬಹಳಷ್ಟರ ಗುಣಮಟ್ಟ ಚೆನ್ನಾಗಿಲ್ಲ ಅಂತಲೂ ಅವರೇ ಬರೆದಿದ್ದಾರೆ. ಅಂದರೆ ಒಳ್ಳೆಯ ಸೂಚನೆಗಳಿವೆ, ಗಟ್ಟಿ ಪುರಾವೆ ಇನ್ನೂ ಬರಬೇಕು.

ಆಗಲೇ ಹೇಳಿದ ಷರತ್ತು

ಆಫೀಸಿನಲ್ಲಿ ನಟಿಸಿ ನಗುವುದು ಯಾರಿಗೆ ಹೊಸದು? ಬಾಸ್‌ನ ಹಳಸಲು ಜೋಕಿಗೆ ನಗುತ್ತೇವೆ. ಬೈಯುವ ಗ್ರಾಹಕರ ಎದುರು ನಗುಮುಖ ಇಟ್ಟುಕೊಳ್ಳುತ್ತೇವೆ. ಸಂಜೆ ಹೊತ್ತಿಗೆ ದವಡೆ ನೋಯುತ್ತದೆ, ಮನೆಯವರ ಮೇಲೆ ರೇಗುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರನ್ನು ಅಧ್ಯಯನ ಮಾಡಿ, ಒಳಗಿಲ್ಲದ ಭಾವನೆಯನ್ನು ಸಂಬಳಕ್ಕಾಗಿ ಮುಖದ ಮೇಲೆ ತರುವುದು ಕೂಡ ಒಂದು ದುಡಿಮೆ ಅಂದರು. ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಈ ಮೇಲುಮೇಲಿನ ನಟನೆಗೂ ಕೆಲಸದಲ್ಲಿ ಬಸವಳಿಯುವುದಕ್ಕೂ ನಂಟಿದೆ ಅಂತ ತೋರಿಸಿವೆ.

ಒಂದು ನಟನೆಯ ನಗು ಸುಸ್ತು ಮಾಡುತ್ತದೆ, ಇನ್ನೊಂದು ಹಗುರ ಮಾಡುತ್ತದೆ. ಬಾಸ್ ಎದುರಿನ ನಗುವಿನಲ್ಲಿ ನಟನೆಯನ್ನು ಮುಚ್ಚಿಡಬೇಕು. ಸಿಕ್ಕಿಬಿದ್ದರೆ ಕಷ್ಟ, ನಗದಿದ್ದರೂ ಕಷ್ಟ. ನಗೆಯೋಗದಲ್ಲಿ ಮುಚ್ಚಿಡುವುದೇನೂ ಇಲ್ಲ. ಎಲ್ಲರೂ ನಟಿಸುತ್ತಿದ್ದೇವೆ ಅಂತ ಎಲ್ಲರಿಗೂ ಗೊತ್ತು. ಅದು ಆಟ. ಸಾಕು ಅನ್ನಿಸಿದರೆ ಪಕ್ಕಕ್ಕೆ ಹೋಗಿ ಕೂರಬಹುದು. ಹಾಗೆ ಕೂರುವ ಸ್ವಾತಂತ್ರ್ಯ ಹೋದರೆ ಆಟವೂ ಹೋಯಿತು. ಹಾಜರಿ ಹಾಕಿ, ಫೋಟೊ ತೆಗೆದು, ‘ಯಾಕೆ ನೀವು ನಗ್ತಾ ಇಲ್ಲ?’ ಅಂತ ಎಚ್‌ಆರ್ ಕೇಳಿದ ಕ್ಷಣ ಅದು ಇನ್ನೊಂದು ಡ್ಯೂಟಿ ಅಷ್ಟೇ. ಕಡ್ಡಾಯ ಮೋಜು ಕೋರ್ಟ್ ಮೆಟ್ಟಿಲನ್ನೂ ಹತ್ತಿದೆ: ಕಂಪನಿಯ ‘ಮೋಜಿನ’ ಸಂಸ್ಕೃತಿಗೆ ಒಗ್ಗಿಕೊಳ್ಳಲಿಲ್ಲ ಅಂತ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ ಅಂತ 2022ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಉನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು.

ಇನ್ನೊಂದು ಮಾತನ್ನೂ ಹೇಳಬೇಕು. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಹಿಡಿದು 2024ರಲ್ಲಿ ಬರೆದ ಅಧ್ಯಯನದಲ್ಲಿ, ಒತ್ತಡ ನಿಭಾಯಿಸುವ ತರಬೇತಿ, ಧ್ಯಾನದ ಆ್ಯಪ್‌ನಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ನೆಮ್ಮದಿಯಾಗೇನೂ ಇರಲಿಲ್ಲ. ನಗೆಯೋಗವನ್ನೇ ಅಳೆದ ಅಧ್ಯಯನ ಅಲ್ಲ ಅದು. ಆದರೂ ಪಾಠ ಅದಕ್ಕೂ ಅನ್ವಯಿಸುತ್ತದೆ. ಮೂರು ಜನರ ಕೆಲಸ ಒಬ್ಬರ ತಲೆ ಮೇಲಿದ್ದರೆ, ರಾತ್ರಿ ಹನ್ನೊಂದಕ್ಕೂ ಮೆಸೇಜ್ ಬರುತ್ತಿದ್ದರೆ, ಹದಿನೈದು ನಿಮಿಷದ ನಗು ಅದನ್ನು ಸರಿಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಲ್ಲಿ ಬಸವಳಿಯುವುದನ್ನು, ವಿವರಿಸುವಾಗ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟದ್ದರ ಫಲ ಅಂತಲೇ ಹೇಳುತ್ತದೆ. ಕೆಲಸದ ಹೊರೆ ಕಡಿಮೆ ಮಾಡದೆ ನಗಿಸಲು ಬಂದರೆ ಜನ ನಗುವುದು ಕಂಪನಿಯನ್ನು ನೋಡಿ.

ಮಾಡುವುದಾದರೆ ಹೀಗೆ

ವಾರಕ್ಕೆ ಒಂದೆರಡು ಸಲ, 15 ನಿಮಿಷ ಸಾಕು. ಊಟವಾದ ತಕ್ಷಣ ಬೇಡ, ಹೊಟ್ಟೆ ತುಂಬಿರುವಾಗ ಹೊಟ್ಟೆಯಿಂದ ನಗುವುದು ಹಿಂಸೆ. ಮಧ್ಯಾಹ್ನ ಕಣ್ಣು ಎಳೆಯುವ ಹೊತ್ತು ಒಳ್ಳೆಯದು. ಕೆಲಸದ ಅವಧಿಯೊಳಗೇ ಇರಲಿ, ಜನರ ಬಿಡುವನ್ನು ಕಿತ್ತುಕೊಂಡು ನಗಿಸಬೇಡಿ. ಹೊರಗಿನಿಂದ ಕಾಣದ, ಸದ್ದು ಆಚೆ ಹೋಗದ ಕೋಣೆ ಬೇಕು. ಪಕ್ಕದಲ್ಲಿ ಯಾರೋ ಸಂಕಟದ ಕಾಲ್‌ನಲ್ಲಿರಬಹುದು. ಕ್ಯಾಮೆರಾ, ಮೊಬೈಲ್ ಹೊರಗೆ. ನಡೆಸುವವರು ತರಬೇತಿ ಪಡೆದವರಾದರೆ ಒಳ್ಳೆಯದು. ಮ್ಯಾನೇಜರ್‌ಗಳು ಬರಲಿ, ಆದರೆ ಗುಂಪಿನಲ್ಲಿ ಒಬ್ಬರಾಗಿ. ಕೈ ಕುಲುಕುವುದು ಬಿಟ್ಟರೆ ಮೈ ಮುಟ್ಟುವ ಬೇರೆ ಆಟ ಬೇಡ. ಕೈ ಕುಲುಕಲು ಇಷ್ಟವಿಲ್ಲದವರು ದೂರದಿಂದಲೇ ಕೈ ಬೀಸಿದರೆ ಆಯಿತು.

ಮನೆಯಿಂದ ಕೆಲಸ ಮಾಡುವವರ ಜೊತೆ ವಿಡಿಯೊ ಕಾಲ್‌ನಲ್ಲಿ ಮಾಡುವುದು ಸ್ವಲ್ಪ ಕಷ್ಟ. ಸದ್ದು ತಡವಾಗಿ ತಲುಪುತ್ತದೆ. ಗದ್ದಲ ತಗ್ಗಿಸುವ ಸೆಟ್ಟಿಂಗ್ ಆನ್ ಇದ್ದರೆ ನಗುವನ್ನೂ ಗದ್ದಲ ಅಂತ ನುಂಗಿಬಿಡಬಹುದು, ಅದನ್ನು ಆಫ್ ಮಾಡಿ. ಆರೇಳು ಜನಕ್ಕಿಂತ ಜಾಸ್ತಿ ಬೇಡ. ಅಕ್ಕಪಕ್ಕದಲ್ಲಿ ಜನರಿದ್ದು ಸದ್ದು ಮಾಡುವಂತಿಲ್ಲ ಅಂದರೆ ತುಟಿ ಮುಚ್ಚಿ ‘ಹ್ಮ್ ಹ್ಮ್ ಹ್ಮ್’ ಅಂತ ನಗುವುದೂ ಒಂದು ವಿಧಾನ. ಹೊಟ್ಟೆ ಅಲುಗಾಡಿದರೆ ಸಾಕು.

ಎಲ್ಲರೂ ಮಾಡುವಂತಿಲ್ಲ. ಜೋರಾಗಿ ನಕ್ಕಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಮೂಲವ್ಯಾಧಿ ಜಾಸ್ತಿ ಇರುವವರು, ನಕ್ಕರೆ ಮೂತ್ರ ಸೋರುವ ತೊಂದರೆ ಇರುವವರು ದೂರ ಉಳಿಯುವುದು ಒಳ್ಳೆಯದು. ಹತೋಟಿಗೆ ಬಾರದ ಬಿಪಿ, ಹೃದ್ರೋಗ, ಮೂರ್ಛೆರೋಗ, ಗ್ಲಾಕೋಮಾ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಸೇರಬೇಕು. ಆಸ್ತಮಾ ಇರುವವರಿಗೆ ನಗುವಿನಿಂದಲೇ ಉಬ್ಬಸ ಬರಬಹುದು. ಇದನ್ನೆಲ್ಲ ಮೊದಲೇ ಮೇಲ್‌ನಲ್ಲಿ ಬರೆದುಬಿಡಬೇಕು. ಸೆಷನ್ನಿನ ನಡುವೆ ‘ಯಾರಿಗಾದರೂ ಮೂಲವ್ಯಾಧಿ ಇದೆಯಾ?’ ಅಂತ ಕೇಳಿದರೆ ಯಾರು ಕೈ ಎತ್ತುತ್ತಾರೆ? ಮನೆಯಲ್ಲಿ ಸಾವಾಗಿದ್ದು ಕೆಲಸಕ್ಕೆ ಮರಳಿದವರನ್ನಂತೂ ಒತ್ತಾಯ ಮಾಡಲೇಬಾರದು.

ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ತಿಳಿಯಲು ದೊಡ್ಡ ಸರ್ವೆ ಬೇಕಿಲ್ಲ. ಮೊದಲ ವಾರ ಕುತೂಹಲಕ್ಕೆ ಎಲ್ಲರೂ ಬರುತ್ತಾರೆ. ಮೇಲ್ ಹಾಕುವುದನ್ನು, ನೆನಪಿಸುವುದನ್ನು ನಿಲ್ಲಿಸಿಬಿಡಿ. ಎರಡು ತಿಂಗಳಾದ ಮೇಲೂ ಅದೇ ಹೊತ್ತಿಗೆ ನಾಲ್ಕು ಜನ ತಾವಾಗಿಯೇ ಎದ್ದು ಆ ಕೋಣೆಗೆ ಹೋಗುತ್ತಿದ್ದರೆ ಮುಂದುವರಿಸಿ. ಯಾರೂ ಹೋಗುತ್ತಿಲ್ಲ ಅಂದರೆ ಆ ಹದಿನೈದು ನಿಮಿಷ ಬೇಗ ಮನೆಗೆ ಬಿಡಿ.